ಓದುಗರು ಕೇಳಿದ್ದು: ಸಾನ್, ಸಾಂತೊ, ಸಾಂತ

ಪ್ರಶ್ನೆ: ಇಟಲಿ ಪ್ರವಾಸದ ಪಟ್ಟಿಯಲ್ಲಿ ಸಾನ್ ಮಾರ್ಕೊ, ಸಾಂತೊ ಸ್ತೆಫಾನೊ, ಸಾಂತಾಂತೋನಿಯೊ, ಸಾಂತ ಕ್ಯಾರ ಎಂದೆಲ್ಲ ಇದೆ. ಇವು ಸಂತರ ದರ್ಜೆಗಳೇ? (ಡೊಂಬಿವಲಿಯ ಓದುಗರು)

ಉತ್ತರ: ದರ್ಜೆಯಲ್ಲ, ಸಂಧಿ. ಮೂಲ ಪದ ಒಂದೇ: ಗಂಡಸರಿಗೆ ಸಾಂತೊ, ಹೆಂಗಸರಿಗೆ ಸಾಂತ. ಗಂಡು ಹೆಸರು ವ್ಯಂಜನದಿಂದ ಶುರುವಾದರೆ ಸಾಂತೊ ಮೊಟಕಾಗಿ ಸಾನ್ ಆಗುತ್ತದೆ: ಸಾನ್ ಪಿಯೆತ್ರೊ, ಸಾನ್ ಮಾರ್ಕೊ. ಸ್ತೆಫಾನೊದಲ್ಲಿರುವ ಹಾಗೆ ಸಕಾರಕ್ಕೆ ಇನ್ನೊಂದು ವ್ಯಂಜನ ಅಂಟಿಕೊಂಡಿದ್ದರೆ ಮೊಟಕು ಮಾಡುವುದಿಲ್ಲ. ‘ಸಾನ್ ಸ್ತೆ’ ಎಂದು ಹೇಳಿ ನೋಡಿ, ನಾಲಿಗೆ ಎಡವುತ್ತದೆ. ಇನ್ನು ಸ್ವರ ಬಂದರೆ ನಮ್ಮ ಲೋಪಸಂಧಿಯೇ: ಊರು, ಅಲ್ಲಿ ಸೇರಿ ಊರಲ್ಲಿ ಆದಂತೆ ಸಾಂತೊ, ಆಂತೋನಿಯೊ ಸೇರಿ ಸಾಂತಾಂತೋನಿಯೊ. ಸಾಂತ, ಆನ್ಯೇಸೆ ಸೇರಿದರೂ ಹಾಗೆಯೇ, ಸಾಂತಾನ್ಯೇಸೆ. ಇಲ್ಲಿ ಗಂಡೋ ಹೆಣ್ಣೋ ಎಂಬ ಗುರುತು ಅಳಿಸಿಹೋಗುತ್ತದೆ. ಕೊನೆಯ ಅಕ್ಷರವನ್ನೂ ನಂಬಬೇಡಿ: ಸಾಂತಾಂದ್ರೇಯ ಯೇಸುವಿನ ಶಿಷ್ಯ, ಹೆಣ್ಣಲ್ಲ.

ಕನ್ನಡದಲ್ಲಿ ಬರೆಯುವಾಗ ‘ಸಾಂಟಾ’ ಬೇಡ. ಇಟಲಿಯವರ ಉಚ್ಚಾರಕ್ಕೆ ನಮ್ಮ ದಂತ್ಯ ತಕಾರ ಸರಿಯಾಗಿ ಹೊಂದುತ್ತದೆ. ಸಿ-ಎಚ್ ಜೋಡಿಯ ಉಚ್ಚಾರ ಕಕಾರ, ಆದ್ದರಿಂದ ಕ್ಯಾರ, ಚಿಯಾರ ಅಲ್ಲ. ಜೊವಾನ್ನಿಯಲ್ಲಿ ನಕಾರದ ದ್ವಿತ್ವ ಬಿಡಬೇಡಿ.

ನಕ್ಷೆಯಲ್ಲಿ ತಪ್ಪುವುದು ಎರಡು ಕಡೆ. ಒಂದೇ ‘ಎಸ್’ ಇದ್ದರೆ ಒಬ್ಬ ಸಂತ. ಜೋಡಿ ‘ಎಸ್ ಎಸ್’ ಇದ್ದು ಮುಂದೆ ಇಬ್ಬರ ಹೆಸರಿದ್ದರೆ ಸಾಂತಿ, ಅಂದರೆ ಬಹುವಚನ. ಫ್ಲಾರೆನ್ಸಿನ ಅನ್ನುನ್ಸ್ಯಾತ ಚರ್ಚಿನ ಹೆಸರಿನ ಮುಂದೆ ಅದೇ ಜೋಡಿ ‘ಸಾಂತಿಸ್ಸಿಮ’, ಪರಮಪವಿತ್ರ ಎಂದರ್ಥ. ಎರಡನೆಯ ತೊಡಕು ವೆನಿಸ್. ಅಲ್ಲಿನ ಆಡುಮಾತು ಹೆಸರುಗಳನ್ನು ಅರೆದು ನುಣ್ಣಗೆ ಮಾಡಿದೆ: ಜೊವಾನ್ನಿ ಮತ್ತು ಪಾವೊಲೊ ಇಬ್ಬರೂ ಕೂಡಿ ‘ಜಾನಿಪೋಲೊ’, ಎವುಸ್ತಾಕ್ಯೊ ಸವೆದು ‘ಸಾನ್ ಸ್ತಾಯೆ’. ಮೇಲೆ ಹೇಳಿದ ನಿಯಮ ಈ ಕೊನೆಯ ಹೆಸರಿಗೆ ನಡೆಯುವುದಿಲ್ಲ. ದೋಣಿಯ ನಿಲ್ದಾಣಕ್ಕೆ ಇದೇ ಹೆಸರು, ಆದ್ದರಿಂದ ಎರಡೂ ರೂಪ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಸಾಂತಾಕ್ರೂಜ್ ಯಾವ ಸಂತಳ ಹೆಸರು? (ಸಾಂತಾಕ್ರೂಜ್ ಪೂರ್ವದ ಓದುಗರು)

ಉತ್ತರ: ಯಾರದೂ ಅಲ್ಲ. ಪೋರ್ಚುಗೀಸಿನಲ್ಲಿ ಅದು ‘ಪವಿತ್ರ ಶಿಲುಬೆ’. ಮೈಕೆಲಾಂಜೆಲೊ, ಗೆಲಿಲಿಯೊ ಇವರ ಸಮಾಧಿಗಳಿರುವ ಫ್ಲಾರೆನ್ಸಿನ ಸಾಂತ ಕ್ರೋಚೆ ಇದೇ ಮಾತಿನ ಇಟಾಲಿಯನ್ ರೂಪ. ಅದೇ ಊರಿನ ಸಾಂತೊ ಸ್ಪಿರಿತೊ ಪವಿತ್ರಾತ್ಮ.

ಪ್ರಶ್ನೆ: ಹಳೇ ಗೋವಾದಲ್ಲಿ ಇಟಲಿಗೆ ಸೇರಿದ್ದು ಏನಾದರೂ ಇದೆಯೇ? (ವಾಸ್ಕೋದ ಓದುಗರು)

ಉತ್ತರ: ಧಾರಾಳವಾಗಿ ಇದೆ. ಕಾಯೆತಾನ್ ಸಂತರ ಗುಮ್ಮಟದ ಚರ್ಚನ್ನು 17ನೇ ಶತಮಾನದಲ್ಲಿ ಕಟ್ಟಿಸಿದವರು ಇಟಲಿಯಿಂದ ಬಂದ ಥಿಯಾಟಿನ್ ಪಾದ್ರಿಗಳು. ಮಾದರಿ ರೋಮಿನ ಸಾನ್ ಪಿಯೆತ್ರೊ. 1524ರಲ್ಲಿ ಆ ಸಂಘ ಕಟ್ಟಿದವರಲ್ಲಿ ಒಬ್ಬರಾದ ಸಾನ್ ಗಾಯೆತಾನೊ ಅವರೇ ನಮ್ಮ ಕಾಯೆತಾನ್. ಬೊಮ್ ಜೀಸಸ್ ಚರ್ಚಿಗೆ ಹೋದಾಗ ಸಂತ ಫ್ರಾನ್ಸಿಸ್ ಝೇವಿಯರರ ದೇಹವಿರುವ ಪೆಟ್ಟಿಗೆಯನ್ನು ಮಾತ್ರ ನೋಡಿ ತಿರುಗಬೇಡಿ. ಅದರ ಕೆಳಗಿನ ಅಮೃತಶಿಲೆಯ ಪೀಠ, ಅದಕ್ಕೆ ಕೂರಿಸಿದ ಕಂಚಿನ ಫಲಕಗಳು ಫ್ಲಾರೆನ್ಸಿನ ಶಿಲ್ಪಿ ಜೊವಾನ್ನಿ ಬಾತ್ತಿಸ್ತ ಫೊಜ್ಜೀನಿಯ ಕೆಲಸ. ತಸ್ಕನಿಯ ದೊರೆ ಮೂರನೆಯ ಕೊಸಿಮೊ ದೆ ಮೆದಿಚಿ ಕಳಿಸಿದ್ದು, 1698ರಲ್ಲಿ ಇಲ್ಲಿ ನಿಂತಿತು. ಬೊಮ್ ಜೀಸಸ್‌ನಲ್ಲಿರುವ ಫ್ರಾನ್ಸಿಸ್ ಝೇವಿಯರರಿಗೆ ಇಟಲಿಯಲ್ಲಿ ಸಾನ್ ಫ್ರಾಂಚೆಸ್ಕೊ ಸಾವೇರಿಯೊ ಎನ್ನುತ್ತಾರೆ. ಬರೀ ಸಾನ್ ಫ್ರಾಂಚೆಸ್ಕೊ ಎಂದರೆ ಸಾಮಾನ್ಯವಾಗಿ ಅಸ್ಸೀಸಿಯವರು. ಎದುರಿನ ರಸ್ತೆಯಾಚೆ ಇರುವುದು ಅವರ ಚರ್ಚು.

ಒಂದು ಸೊಗಸು ನೋಡಿ. ದೀವಾರ್ ಪಕ್ಕದ ಜುವೆ ದ್ವೀಪಕ್ಕೆ ಪೋರ್ಚುಗೀಸರು ಇಟ್ಟ ಹೆಸರು ಸಾಂತೊ ಎಸ್ತೆವಾಂವ್. ಇಟಲಿಯ ಸ್ತೆಫಾನೊ ಅವನೇ, ಅಲ್ಲೂ ಸಾಂತೊ. ಕಾರಣ ಮಾತ್ರ ಬೇರೆ: ಪೋರ್ಚುಗೀಸಿನಲ್ಲಿ ಸ್ವರದ ಮುಂದೆ ಸಾಂತೊ ಉಳಿಯುತ್ತದೆ, ವ್ಯಂಜನದ ಮುಂದೆ ಸಾಂವ್ ಆಗುತ್ತದೆ. ಗೋವಾದ ಸಾಂಜಾಂವ್ ಹಬ್ಬದ ‘ಸಾಂ’ ಬಂದದ್ದೂ ಅಲ್ಲಿಂದಲೇ.

ಪ್ರಶ್ನೆ: ದೊ ರೆ ಮಿ ಸ್ವರಗಳಲ್ಲಿ ಸಂತನ ಹೆಸರಿದೆ ಎನ್ನುತ್ತಾರೆ, ನಿಜವೇ? (ಪುಣೆಯ ಸಂಗೀತ ವಿದ್ಯಾರ್ಥಿನಿ)

ಉತ್ತರ: ಏಳನೆಯ ‘ಸಿ’ಯಲ್ಲಿ ಇದೆ. 11ನೇ ಶತಮಾನದ ಇಟಲಿಯ ಸಂಗೀತ ಗುರು ಗುಯಿದೊ ದಾರೆತ್ಸೊ, ಸ್ನಾನಿಕ ಯೋಹಾನನ ಜನ್ಮದಿನವಾದ ಜೂನ್ 24ಕ್ಕೆ ಹಾಡುವ ಲ್ಯಾಟಿನ್ ಸ್ತೋತ್ರವನ್ನು ಪಾಠಕ್ಕೆ ಆರಿಸಿಕೊಂಡ. ಅದರ ಒಂದೊಂದು ತುಣುಕೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಎದ್ದೇಳುತ್ತದೆ. ಮೊದಲಕ್ಷರಗಳು ಉತ್, ರೆ, ಮಿ, ಫಾ, ಸೋಲ್, ಲಾ. ಕೊನೆಯ ಮಾತು ‘ಸಾಂಕ್ತೆ ಇಯೊಹಾನ್ನೆಸ್’, ಸಂತ ಯೋಹಾನನೇ ಎಂಬ ಕರೆ. ಆ ಎರಡು ಪದಗಳ ಸ, ಇ ಕೂಡಿ ‘ಸಿ’ ಬಂದದ್ದು ಆಮೇಲೆ. ಉತ್ ಹಾಡಲು ಬಾಯಿ ಮುಚ್ಚಿಕೊಳ್ಳುತ್ತದೆ, ದೊ ತೆರೆಯುತ್ತದೆ. ಇಟಲಿಯವರು ದೊ ಹಿಡಿದರು. ಗೋವಾದ ಹುಡುಗರು ಬಾವಿಗೆ ಧುಮುಕುವ ಸಾಂಜಾಂವ್ ಇದೇ ಯೋಹಾನನ ಇದೇ ದಿನ.

ಅಭ್ಯಾಸ ಮಾಡುವಾಗ ದೊ ಎಂದರೆ ಷಡ್ಜ ಎಂದುಕೊಳ್ಳಬೇಡಿ. ನಮ್ಮ ಸ ನಿಮ್ಮ ಶ್ರುತಿಗೆ ತಕ್ಕಂತೆ ಸರಿಯುತ್ತದೆ. ಇಟಲಿಯ ದೊ ಪಿಯಾನೊದ ಸಿ (ಇಂಗ್ಲಿಷಿನ C, ಮೇಲಿನ ಏಳನೆಯ ‘ಸಿ’ ಅಲ್ಲ) ಕೀಲಿಗೇ ಅಂಟಿಕೊಂಡಿದೆ, ಎರಡು ಕಪ್ಪು ಕೀಲಿಗಳ ಜೋಡಿಗೆ ಎಡಗಡೆಯ ಬಿಳಿಯದು. ಅಲ್ಲಿಯ ಸ್ವರಲಿಪಿ ಓದುವಾಗ ಆ ಕೀಲಿಯನ್ನು ಮೊದಲು ಒತ್ತಿ, ಕೇಳಿಕೊಂಡು ಹಾಡಿ.