ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಎತ್ತರಿಸಿದ ಹಳೇ ಪಿಕಪ್ ಎಡಕ್ಕೇ ಎಳೆಯುತ್ತಿದೆ, ಏನೇನು ನೋಡಬೇಕು?

ನೀವು ಬರೆದಿರುವುದು ಇಷ್ಟು: ಇಪ್ಪತ್ತು ವರ್ಷ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್. ಮುಂದೆ ಟಾರ್ಷನ್ ಬಾರ್ (ಸ್ಪ್ರಿಂಗಿನ ಕೆಲಸ ಮಾಡುವ ಉದ್ದ ಸರಳು) ತಿರುವಿ 2 ಇಂಚು ಎತ್ತಿಸಿದ್ದೀರಿ, ಹಿಂದೆ ಲೀಫ್ ಸ್ಪ್ರಿಂಗಿಗೆ ಬ್ಲಾಕ್ ಕೊಟ್ಟಿದ್ದೀರಿ, 31 ಇಂಚಿನ ಟೈರು ಹಾಕಿದ್ದೀರಿ. ಗಾಡಿ ಎಡಕ್ಕೆ ಎಳೆಯುತ್ತದೆ, ಮುಂದಿನ ಎರಡೂ ಟೈರಿನ ಒಳಅಂಚು ಸವೆದಿದೆ, ನೇರ ರಸ್ತೆಯಲ್ಲೂ ಸ್ಟೇರಿಂಗ್ ಸೊಟ್ಟಗೆ ನಿಲ್ಲುತ್ತದೆ. ಮೂರನೇ ಸಲ ಅಲೈನ್‌ಮೆಂಟ್ ಮಾಡಿಸಲೇ ಎಂದು ಕೇಳಿದ್ದೀರಿ.

ಈಗಲೇ ಬೇಡ. ನಿಮ್ಮ ಮೂರು ದೂರುಗಳಿಗೆ ಕಾರಣ ಬೇರೆಬೇರೆ ಕಡೆ ಇರಬಹುದು. ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದರೆ ಟೈರು ತಿನ್ನುತ್ತದೆ, ಸ್ಟೇರಿಂಗ್ ಸೊಟ್ಟಗಾಗುತ್ತದೆ. ಆದರೆ ಗಾಡಿಯನ್ನು ಒಂದು ಪಕ್ಕಕ್ಕೆ ಎಳೆಯುವುದು ಅದರ ಕೆಲಸವಲ್ಲ, ಏಕೆಂದರೆ ಓಡುತ್ತಿರುವಾಗ ಎರಡು ಚಕ್ರಗಳೂ ಆ ತಪ್ಪನ್ನು ಸಮನಾಗಿ ಹಂಚಿಕೊಂಡುಬಿಡುತ್ತವೆ. ಎಳೆತ ಬರುವುದು ಎಡಬಲದ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಅಥವಾ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ವ್ಯತ್ಯಾಸದಿಂದ, ಹಿಡಿದುಕೊಂಡ ಬ್ರೇಕಿನಿಂದ, ಇಲ್ಲವೇ ಟೈರಿನಿಂದಲೇ. ಇನ್ನೊಂದು ಮಾತು: ಅಲೈನ್‌ಮೆಂಟ್ ಯಂತ್ರ ನಿಂತ ಗಾಡಿಯನ್ನು ಅಳೆಯುತ್ತದೆ. ಸವೆದ ಬಾಲ್ ಜಾಯಿಂಟ್ (ಚಕ್ರ ತಿರುಗಲು ಬಿಡುವ ಗುಂಡು ಕೀಲು) ನಿಂತಾಗ ಒಂದು ಕಡೆ ಒರಗಿ ಒಳ್ಳೆಯ ಅಂಕಿ ಕೊಡುತ್ತದೆ, ಓಡುವಾಗ ಇನ್ನೊಂದು ಕಡೆ ಒರಗುತ್ತದೆ.

ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ಟೈರು ತಣ್ಣಗಿರುವಾಗ ಗಾಳಿ ಸರಿಮಾಡಿ. ಮುಂದಿನ ಎರಡು ಚಕ್ರಗಳನ್ನು ಎಡದಿಂದ ಬಲಕ್ಕೆ ಅದಲುಬದಲು ಮಾಡಿ ಅದೇ ರಸ್ತೆಯಲ್ಲಿ ಓಡಿಸಿ. ಎಳೆತ ಬಲಕ್ಕೆ ತಿರುಗಿದರೆ ದೋಷ ಟೈರಿನದು, ಸಸ್ಪೆನ್ಷನ್ ಮುಟ್ಟುವುದೇ ಬೇಡ. (ಒಂದೇ ದಿಕ್ಕಿಗೆ ತಿರುಗಬೇಕಾದ ಟೈರಾದರೆ ಈ ಪರೀಕ್ಷೆಯ ಮಟ್ಟಿಗೆ ಮಾತ್ರ ಹಾಗೆ ಹಾಕಿ, ಆಮೇಲೆ ವಾಪಸ್ ಹಾಕಿ.) ಆಮೇಲೆ ಬ್ರೇಕನ್ನು ಆದಷ್ಟು ಕಡಿಮೆ ಒತ್ತಿ ಒಂದಷ್ಟು ದೂರ ಓಡಿಸಿ ನಿಲ್ಲಿಸಿ, ಎರಡೂ ರಿಮ್ಮಿನ ಹತ್ತಿರ ಕೈ ಒಯ್ದು ನೋಡಿ. ಒಂದು ಮಾತ್ರ ಬಿಸಿ ಇದ್ದರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಹಿಡಿದುಕೊಂಡಿದೆ, ಅಥವಾ ಹಳೇ ಬ್ರೇಕ್ ಹೋಸ್ ಒಳಗೆ ಊದಿಕೊಂಡು ಎಣ್ಣೆಯನ್ನು ವಾಪಸ್ ಬಿಡುತ್ತಿಲ್ಲ.

ಟೈರಿನ ಮೇಲೆ ಅಂಗೈ ಆಡಿಸಿ. ಹೊರಗಿನಿಂದ ಒಳಗೆ ಸವರುವಾಗ ಗರಗಸದಂತೆ ತರಚಿ, ಒಳಗಿನಿಂದ ಹೊರಗೆ ಸವರುವಾಗ ನುಣ್ಣಗಿದ್ದರೆ ಟೋ ಔಟ್, ಅಂದರೆ ಚಕ್ರಗಳ ಮುಂಭಾಗ ಹೊರಕ್ಕೆ ತೆರೆದುಕೊಂಡಿದೆ. ಎರಡೂ ಕಡೆಯಿಂದ ಸವರಿದಾಗ ನುಣ್ಣಗೇ ಇದ್ದು ಒಳಅಂಚು ಮಾತ್ರ ಇಳಿದಿದ್ದರೆ ನೆಗೆಟಿವ್ ಕ್ಯಾಂಬರ್, ಚಕ್ರದ ತಲೆ ಒಳಕ್ಕೆ ವಾಲಿದೆ. ಎತ್ತಿಸಿದ ಗಾಡಿಯಲ್ಲಿ ಟೋ ಕೆಡುವುದು ಸಹಜ: ಚಾಸಿ ಮೇಲೆ ಹೋದಷ್ಟೂ ಟೈ ರಾಡ್ (ಸ್ಟೇರಿಂಗಿನಿಂದ ಚಕ್ರವನ್ನು ತಿರುಗಿಸುವ ಸರಳು) ಇಳಿಜಾರಾಗುತ್ತದೆ, ಅಡ್ಡಕ್ಕೆ ಅದರ ಅಳತೆ ಗಿಡ್ಡವಾಗುತ್ತದೆ, ಸ್ಟೇರಿಂಗ್ ಆರ್ಮನ್ನು ಒಳಕ್ಕೆ ಎಳೆಯುತ್ತದೆ. ಟೈ ರಾಡ್ ಆಕ್ಸಲ್‌ನ ಹಿಂದಿದ್ದರೆ ಇದರ ಫಲ ಟೋ ಔಟ್, ಮುಂದಿದ್ದರೆ ಟೋ ಇನ್.

ಈಗ ಸಡಿಲ ಹುಡುಕುವ ಕೆಲಸ; ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಚಕ್ರ ನೆಲದ ಮೇಲೇ ಇರಲಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ತಡೆ ಕೊಟ್ಟು, ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೇರಿಂಗನ್ನು ಗಡಿಯಾರದ 11ರಿಂದ 1ರವರೆಗೆ ಬೇಗಬೇಗ ಆಡಿಸಲಿ. ನೀವು ಪಕ್ಕದಿಂದ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡಿ: ಪಿಟ್‌ಮನ್ ಆರ್ಮ್ (ಸ್ಟೇರಿಂಗ್ ಬಾಕ್ಸಿನಿಂದ ಹೊರಡುವ ತೋಳು), ಐಡ್ಲರ್ ಆರ್ಮ್ (ಎದುರು ಪಕ್ಕದಲ್ಲಿ ಆಧಾರ ಕೊಡುವ ತೋಳು), ಒಳಗಿನ ಮತ್ತು ಹೊರಗಿನ ಟೈ ರಾಡ್ ಎಂಡ್. ಕಣ್ಣಿಗೆ ಕಾಣದ ಟಕ್ ಬೆರಳಿಗೆ ಸಿಗುತ್ತದೆ. ಐಡ್ಲರ್ ಆರ್ಮ್ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಟೋ ಎಷ್ಟು ಸಲ ಹೊಂದಿಸಿದರೂ ನಿಲ್ಲುವುದಿಲ್ಲ.

ಬಾಲ್ ಜಾಯಿಂಟ್ ನೋಡುವಾಗ ಜಾಕಿ ಎಲ್ಲಿಡುತ್ತೀರಿ ಎನ್ನುವುದೇ ಮುಖ್ಯ. ಟಾರ್ಷನ್ ಬಾರ್ ಕೆಳಗಿನ ಆರ್ಮಿಗೆ (ಚಕ್ರವನ್ನು ಚಾಸಿಗೆ ಸೇರಿಸುವ ಸಸ್ಪೆನ್ಷನ್ ತೋಳಿಗೆ) ಸೇರಿದ್ದರೆ ಆ ಆರ್ಮಿನ ಕೆಳಗೇ, ಬಾಲ್ ಜಾಯಿಂಟ್ ಹತ್ತಿರ ಇಡಿ. ಮೇಲಿನ ಆರ್ಮಿಗೆ ಸೇರಿದ್ದರೆ ಗಾಡಿ ನೆಲದ ಮೇಲಿರುವಾಗಲೇ ಆ ಆರ್ಮ್ ಮತ್ತು ಚಾಸಿ ನಡುವೆ ಗಟ್ಟಿ ಮರದ ತುಂಡು ಸಿಕ್ಕಿಸಿ, ನಂತರ ಚಾಸಿ ಎತ್ತಿ. ಹೀಗೆ ಮಾಡದಿದ್ದರೆ ಸ್ಪ್ರಿಂಗಿನ ಒತ್ತಡವೇ ಜಾಯಿಂಟನ್ನು ಬಿಗಿಯಾಗಿ ಹಿಡಿದು ಸವೆತವನ್ನು ಮುಚ್ಚಿಡುತ್ತದೆ. ಸ್ಟ್ಯಾಂಡ್ ಇಲ್ಲದೆ ಕೆಳಗೆ ಹೋಗಬೇಡಿ. ಚಕ್ರವನ್ನು 12 ಮತ್ತು 6ರಲ್ಲಿ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ: ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. 3 ಮತ್ತು 9ರಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್ ಕಡೆ ಹೋಗಿ. ಆರ್ಮಿನ ಬುಷ್ಷುಗಳಿಗೆ ಸಣ್ಣ ಹಾರೆ ಕೊಟ್ಟು ಮೀಟಿ. ರಬ್ಬರ್ ಹರಿದಿದ್ದರೆ ಆರ್ಮ್ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ, ಬ್ರೇಕ್ ಒತ್ತಿದಾಗಲೆಲ್ಲ ಕ್ಯಾಸ್ಟರ್ ಬದಲಾಗುತ್ತದೆ.

ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ಅದುರು ತಡೆಯುವ ಶಾಕ್ ಅಬ್ಸಾರ್ಬರ್) ಇದ್ದರೆ ಒಂದು ತುದಿ ಬಿಚ್ಚಿಟ್ಟು ನಿಧಾನವಾಗಿ ಓಡಿಸಿ ನೋಡಿ. ಗ್ಯಾಸ್ ತುಂಬಿದ ಡ್ಯಾಂಪರ್ ತಾನಾಗಿ ಉದ್ದವಾಗಲು ನೋಡುತ್ತದೆ, ಅದೇ ಒಂದು ಪಕ್ಕಕ್ಕೆ ತಳ್ಳುತ್ತಿರಬಹುದು. ಹಾಗೆಯೇ, ಸಡಿಲ ಹೋಗಲಿ ಎಂದು ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿ ಮಾಡುವ ಚಾಳಿ ಬೇಡ. ಅತಿಯಾಗಿ ಬಿಗಿಯಾದರೆ ಮಧ್ಯದಲ್ಲಿ ಹಿಡಿದುಕೊಂಡು ಸ್ಟೇರಿಂಗ್ ತಾನಾಗಿ ವಾಪಸ್ ಬರುವುದು ನಿಲ್ಲುತ್ತದೆ.

ಸಡಿಲದ್ದೆಲ್ಲ ಬದಲಾದ ಮೇಲೆ ಎತ್ತರ. ಹಬ್ಬಿನ ಮಧ್ಯದಿಂದ ಫೆಂಡರ್ ಅಂಚಿಗೆ ಎರಡೂ ಕಡೆ ಅಳೆಯಿರಿ. ಎಡಬಲ ಸಮವಿಲ್ಲದಿದ್ದರೆ ಟಾರ್ಷನ್ ಬಾರ್ ಬೋಲ್ಟಿನಿಂದ ಸರಿಮಾಡಿ, ಪ್ರತಿ ಸಲ ಗಾಡಿಯನ್ನು ಸ್ವಲ್ಪ ಓಡಿಸಿ ಮತ್ತೆ ಅಳೆಯಿರಿ. ಆರ್ಮ್ ಕೆಳಗಿನ ಸ್ಟಾಪಿಗೆ ತಾಗುವಷ್ಟು ತಿರುವಿದ್ದರೆ ಎತ್ತರ ಇಳಿಸುವುದೇ ಮದ್ದು. ಅಲ್ಲಿ ಸಸ್ಪೆನ್ಷನ್ನಿಗೆ ಇಳಿಯಲು ಜಾಗವೇ ಉಳಿದಿರುವುದಿಲ್ಲ, ಹಳ್ಳ ಬಂದಾಗಲೆಲ್ಲ ಧಡ್ ಎನ್ನುತ್ತದೆ.

ಹಿಂದಿನ ಆಕ್ಸಲ್ ಮರೆಯಬೇಡಿ. ಬ್ಲಾಕ್ ಹಾಕುವಾಗ ಸೆಂಟರ್ ಬೋಲ್ಟ್ ಗುಂಡಿಯಲ್ಲಿ ಸರಿಯಾಗಿ ಕೂರದಿದ್ದರೆ ಅಥವಾ ಯು ಬೋಲ್ಟ್ ಸಡಿಲವಾಗಿದ್ದರೆ ಆಕ್ಸಲ್ ಓರೆಯಾಗುತ್ತದೆ. ಸ್ಟೇರಿಂಗ್ ನೇರ ಇಟ್ಟು ಮುಂದಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ ಎರಡೂ ಕಡೆ ಅಳೆಯಿರಿ. 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಹಿಂದಿನದನ್ನು ನೋಡಿ. ಸ್ಟೇರಿಂಗ್ ಸೊಟ್ಟಗಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ, ಮುಂದಿನ ಚಕ್ರ ಮಾತ್ರ ಅಳೆಯುವ ಕಡೆ ಇದು ಸಿಗುವುದೇ ಇಲ್ಲ.

ಮನೆಯಲ್ಲೇ ಟೋ ಅಳೆಯಬಹುದು. ಮುಂದಿನ ಚಕ್ರ ಎತ್ತಿ, ಟೈರಿನ ಮಧ್ಯಕ್ಕೆ ಸೀಮೆಸುಣ್ಣ ಬಳಿದು, ಅಲುಗಾಡದಂತೆ ಮೊಳೆ ಹಿಡಿದು ಚಕ್ರ ತಿರುಗಿಸಿ ಸಣ್ಣ ಗೆರೆ ಎಳೆಯಿರಿ. ಇಳಿಸಿದ ಮೇಲೆ ಮುಂಭಾಗವನ್ನು ನಾಲ್ಕೈದು ಸಲ ಒತ್ತಿ ಬಿಡಿ, ಗಾಡಿಯನ್ನು ಒಂದೆರಡು ಮೀಟರ್ ಮುಂದಕ್ಕೆ ಮಾತ್ರ ತಳ್ಳಿ, ಬ್ರೇಕ್ ಹಾಕದೆ ನಿಲ್ಲಿಸಿ. ಹಿಂದಕ್ಕೆ ತಳ್ಳಿದರೆ ಕೀಲುಗಳು ಇನ್ನೊಂದು ಪಕ್ಕಕ್ಕೆ ಕೂರುತ್ತವೆ, ಅಳತೆ ಸುಳ್ಳಾಗುತ್ತದೆ. ಆಕ್ಸಲ್ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಮುಂದೆ ಮತ್ತು ಹಿಂದೆ ಅಳೆಯಿರಿ. 31 ಇಂಚಿನ ಟೈರಿನಲ್ಲಿ ಒಟ್ಟು 0.2 ಡಿಗ್ರಿ ಟೋ ಎಂದರೆ ಸುಮಾರು 3 ಮಿ.ಮೀ. ವ್ಯತ್ಯಾಸ. ಕ್ಯಾಂಬರಿಗೆ ರಿಮ್ಮಿನ ಮೇಲೆ ತೂಗುಗುಂಡು ಸಾಕು: 16 ಇಂಚಿನ ರಿಮ್ಮಿನಲ್ಲಿ 7 ಮಿ.ಮೀ. ಎಂದರೆ ಒಂದು ಡಿಗ್ರಿ. ನೆಲ ಸಮವಾಗಿರಲಿ, ಚಕ್ರಗಳ ನಡುವೆ ಎಡಬಲಕ್ಕೆ 14 ಮಿ.ಮೀ. ತಗ್ಗಿದ್ದರೂ ಅರ್ಧ ಡಿಗ್ರಿ ಸುಳ್ಳು.

ಇನ್ನು ಅಲೈನ್‌ಮೆಂಟ್ ಅಂಗಡಿಯವರು ಕೊಟ್ಟ ಹಳೆಯ ಪ್ರಿಂಟ್ ತೆಗೆದು ನೋಡಿ. ಗಾಡಿ ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ ಕಡೆಗೆ, ಹಾಗೂ ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ಎರಡರಲ್ಲೂ ಎಡಬಲದ ಅಂತರ ಅರ್ಧ ಡಿಗ್ರಿಯೊಳಗೆ ಇರಲಿ. ಎತ್ತಿಸಿದ ಗಾಡಿಯಲ್ಲಿ ಕ್ಯಾಸ್ಟರ್ ಎರಡೂ ಕಡೆ ಸೊನ್ನೆಯ ಹತ್ತಿರ ಬಂದಿದ್ದರೆ ಎಳೆಯುವುದಿಲ್ಲ, ವೇಗದಲ್ಲಿ ಅಡ್ಡಾಡುತ್ತದೆ. 'ಇದಕ್ಕಿಂತ ಬರಲ್ಲ' ಎಂದು ಅಂಗಡಿಯವರು ಹೇಳಿದ್ದರೆ ಆರ್ಮಿನ ಕ್ಯಾಮ್ ಬೋಲ್ಟ್ (ತಿರುಗಿಸಿ ಕೋನ ಹೊಂದಿಸುವ ಬೋಲ್ಟ್) ಕೊನೆ ಮುಟ್ಟಿದೆಯೋ ತುಕ್ಕು ಹಿಡಿದು ತಿರುಗುತ್ತಿಲ್ಲವೋ ಕೇಳಿ. ತುಕ್ಕಾದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಆದರೂ ಬೋಲ್ಟ್ ಬುಷ್ಷಿನ ಒಳಕೊಳವೆಗೆ ಅಂಟಿದ್ದರೆ ಕತ್ತರಿಸಿ ಬುಷ್ಷಿನ ಜೊತೆಗೇ ಹೊಸದು ಹಾಕಬೇಕಾಗುತ್ತದೆ. ಕೊನೆ ಮುಟ್ಟಿದ್ದರೆ ಎತ್ತಿಸಿದ ಗಾಡಿಗೆಂದೇ ಬರುವ ಮೇಲಿನ ಆರ್ಮ್ ಬೇಕು, ಇಲ್ಲವೇ ಎತ್ತರ ಅರ್ಧ ಇಂಚು ಇಳಿಸಿ. ನಾನಾದರೆ ಮೊದಲು ಇಳಿಸಿ ನೋಡುತ್ತೇನೆ, ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಜಾಯಿಂಟಿಗೂ ಅದು ಒಳ್ಳೆಯದು.

ಅಂಗಡಿಗೆ ಹೋದಾಗ ಕ್ಯಾಸ್ಟರ್ ಮತ್ತು ಕ್ಯಾಂಬರ್ ಮೊದಲು, ಟೋ ಕೊನೆಗೆ ಎಂದು ಹೇಳಿ; ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗಿಯೇ ಆಗುತ್ತದೆ. ಸ್ಟೇರಿಂಗನ್ನು ನೇರಕ್ಕೆ ಲಾಕ್ ಮಾಡಿಸಿ, ಎರಡೂ ಟೈ ರಾಡ್ ಬೇರೆಬೇರೆಯಾಗಿ ಹೊಂದಿಸಲಿ. ಒಂದನ್ನೇ ತಿರುವಿ ಒಟ್ಟು ಟೋ ಸರಿಮಾಡಿದರೆ ಸ್ಟೇರಿಂಗ್ ಮತ್ತೆ ಸೊಟ್ಟಗೇ ನಿಲ್ಲುತ್ತದೆ. ಹಳೇ ಸವೆದ ಟೈರು ಅದೇ ಜಾಗದಲ್ಲಿ ಉಳಿದರೆ ಸ್ವಲ್ಪ ದಿನ ಹಳೇ ಎಳೆತವನ್ನೇ ತೋರಿಸಬಹುದು, ಅದನ್ನು ಹಿಂದಕ್ಕೆ ಹಾಕಿಸಿ.