ಕೋವಿಡ್ ವಾಸಿಯಾದ ಮೇಲೂ ರಕ್ತನಾಳಗಳಿಗೆ ಅಪಾಯ ಉಳಿಯುತ್ತದೆಯೇ?

ಕೆಲವರಲ್ಲಿ ಉಳಿಯುತ್ತದೆ, ಬಹಳಷ್ಟು ಜನರಲ್ಲಿ ನಾಳಗಳು ಕೆಲವು ತಿಂಗಳುಗಳಲ್ಲಿ ಸುಧಾರಿಸಿಕೊಳ್ಳುತ್ತವೆ. ಕಾರವಾರದಲ್ಲಿರುವ ನಿಮ್ಮ ತಂದೆಯವರಿಗೆ ಕೋವಿಡ್ ಬಂದುಹೋದ ಮೇಲೆ ರಕ್ತದೊತ್ತಡ ಏರಿದೆ ಎಂದಿದ್ದೀರಿ. ವಯಸ್ಸು, ತೂಕ, ಉಪ್ಪು ಕೂಡ ಕಾರಣವಾಗಿರಬಹುದು. ಎಲ್ಲವನ್ನೂ ವೈರಸ್ಸಿನ ತಲೆಗೆ ಕಟ್ಟುವಂತಿಲ್ಲ.

ರಕ್ತನಾಳದ ಒಳಮೈಯಲ್ಲಿ ಒಂದೇ ಕೋಶದಷ್ಟು ದಪ್ಪದ ಪದರವಿದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ ನಾಳವನ್ನು ಸಡಿಲವಾಗಿಡುತ್ತದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಸೋಂಕಿನಿಂದಾಗುವ ಉರಿಯೂತ ಈ ಪದರವನ್ನು ಘಾಸಿಗೊಳಿಸಿದರೆ ನಾಳ ಬಿಗಿಯುತ್ತದೆ, ಒತ್ತಡ ಏರುತ್ತದೆ. ಜ್ವರ ವಾರದಲ್ಲಿ ಇಳಿದರೂ ಉರಿಯೂತ ಕೆಲವರಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಉಳಿದುಬಿಡುತ್ತದೆ. ಅಮೆರಿಕದ ಮಾಜಿ ಸೈನಿಕರ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸೋಂಕಿನ ನಂತರದ ಒಂದು ವರ್ಷ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚಿತ್ತು. ಆಸ್ಪತ್ರೆ ಸೇರದವರಲ್ಲೂ!

ಪೇಟೆಯಿಂದ ಬಂದ ಕೂಡಲೇ ತೋಳಿಗೆ ಬಿಪಿ ಪಟ್ಟಿ ಕಟ್ಟಬೇಡಿ. ಐದು ನಿಮಿಷ ಒರಗಿ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಅಳೆಯಬೇಕು. ಮನೆಯಲ್ಲಿ ಹಲವು ದಿನ ಅಳೆದ ಸರಾಸರಿ 135/85 ದಾಟಿದರೆ ವೈದ್ಯರಿಗೆ ತೋರಿಸಿ. ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆಯೂ ಆಗಲಿ. ರಕ್ತ ತೆಳುವಾಗಲೆಂದು ತಾವಾಗಿಯೇ ಆಸ್ಪಿರಿನ್ ನುಂಗುವುದು ಬೇಡ. ಕರಾವಳಿಯ ಮನೆಗೆ ಹೇಳಲು ಸಂಕಟವಾದರೂ, ಒಣಮೀನು ಮತ್ತು ಮಿಡಿ ಉಪ್ಪಿನಕಾಯಿ ಕಡಿಮೆಯಾಗಬೇಕು. ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆಯಲಿ; ರಕ್ತದ ಹರಿವು ಹೆಚ್ಚಿದಾಗ ಆ ಪದರ ಹೆಚ್ಚು ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಎದೆನೋವು ಅಥವಾ ಒಂದು ಬದಿಯ ಕೈಕಾಲಿನಲ್ಲಿ ದೌರ್ಬಲ್ಯ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ.