ನಾನು ಆ ಕಡೆ ಹೋದ್ರೆ ಕೆಲಸಾನೇ ನಿಲ್ಲುತ್ತೆ, ಏನ್ ಮಾಡ್ಲಿ?

ಪ್ರಶ್ನೆ: ಸರ್ ನಮಸ್ತೆ. ಪೀಣ್ಯದಲ್ಲಿ ಒಂದು ಮಷೀನ್ ಶಾಪಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದೀನಿ, ಕೈಕೆಳಗೆ 14 ಜನ. ಎದುರಿಗೆ ನಿಂತಿದ್ರೆ ಕೆಲಸ ನಡೆಯುತ್ತೆ, ಸ್ಟೋರ್ಸ್ ಕಡೆ ಹೋಗಿ ಬರೋಷ್ಟರಲ್ಲಿ ಎಲ್ರ ಕೈಲೂ ಮೊಬೈಲ್. ಬಿಗಿ ಮಾಡಿದ್ರೆ ಮುಖ ಗಂಟಿಕ್ಕೋತಾರೆ, ಸಡಿಲ ಬಿಟ್ರೆ ತಲೆ ಮೇಲೆ ಕೂರ್ತಾರೆ. ಜನಾನೇ ಹೀಗಾ, ನನ್ನಲ್ಲೇ ತಪ್ಪಾ?

ಉತ್ತರ: ತಪ್ಪು ನಿಮ್ಮಲ್ಲೂ ಇರಬಹುದಾ ಅಂತ ಕೇಳಿದೀರಲ್ಲ, ಅದು ನನಗೆ ತುಂಬಾ ಹಿಡಿಸ್ತು.

ಅಮೆರಿಕದ ಎಂಐಟಿಯಲ್ಲಿ ಪಾಠ ಮಾಡ್ತಿದ್ದ ಡಗ್ಲಸ್ ಮೆಕ್‌ಗ್ರೆಗರ್ 1960ರಲ್ಲಿ ಇದರ ಬಗ್ಗೇನೇ ಒಂದು ಪುಸ್ತಕ ಬರೆದ್ರು. ಜನಕ್ಕೆ ಕೆಲಸ ಅಂದ್ರೆ ಆಗಲ್ಲ, ಹೆದರಿಸಿ ಇಲ್ಲಾ ಆಸೆ ತೋರಿಸಿ ದುಡಿಸ್ಬೇಕು ಅಂತ ಮ್ಯಾನೇಜರ್ ನಂಬಿದ್ರೆ ಅದಕ್ಕೆ ಅವರು ಇಟ್ಟ ಹೆಸರು ಥಿಯರಿ ಎಕ್ಸ್. ದುಡಿಯೋದು ಆಟ ಆಡಿದಷ್ಟೇ ಸಹಜ, ಕೆಲಸ ತಮ್ಮದು ಅನಿಸಿದ್ರೆ ಯಾರೂ ಕಾಯ್ದೇನೇ ಮಾಡ್ತಾರೆ ಅಂತ ನಂಬಿದ್ರೆ ಥಿಯರಿ ವೈ. ಸೋಮಾರಿತನ ನಿಮ್ಮ ಕಣ್ಣಿಗೆ ಕಾಣ್ತಿರೋದು ಸುಳ್ಳಲ್ಲ, ಆದ್ರೆ ಅದು ಅವರ ಹುಟ್ಟುಗುಣ ಅಲ್ಲ, ನಡೆಸಿಕೊಂಡ ರೀತಿಯಿಂದ ಬಂದಿದ್ದು ಅಂತಾರೆ ಮೆಕ್‌ಗ್ರೆಗರ್. ನಾವು ಕಾವಲು ನಿಲ್ತೀವಿ, ಕಾವಲು ಇಲ್ಲದಾಗ ಅವರು ಕೈ ಬಿಡ್ತಾರೆ, ನೋಡಿದ್ರಾ ನಾನು ಹೇಳಿದ್ದೇ ಆಯ್ತು ಅಂತ ನಾವು ಇನ್ನೂ ಬಿಗಿ ಮಾಡ್ತೀವಿ.

ನಾನು ಹೊಸದಾಗಿ ಸೇರಿದ್ದ ಒಂದು ಕಾರ್ಖಾನೇಲಿ ರಿಜೆಕ್ಷನ್, ಅಂದ್ರೆ ಹಾಳಾದ ಪೀಸ್, ಬಂದ್ರೆ ಆಪರೇಟರ್ ಹೆಸರನ್ನ ಬೋರ್ಡ್ ಮೇಲೆ ಬರೆಸ್ತಿದ್ವಿ. ಸ್ವಲ್ಪ ದಿನಕ್ಕೇ ರಿಜೆಕ್ಷನ್ ಇಳೀತು, ನನಗಂತೂ ಹೆಮ್ಮೆ. ಆಯುಧಪೂಜೆಗೆ ಅಂತ ಮಷೀನ್ ತೊಳೆಯೋವಾಗ ಲೇತ್ ಹಿಂದೆ, ಚಿಪ್ ಟ್ರೇ ಸಂದೀಲಿ, ಕಾಟನ್ ವೇಸ್ಟಲ್ಲಿ ಸುತ್ತಿಟ್ಟಿದ್ದ ಬುಷ್‌ಗಳು (ಕೊಳವೆ ಥರದ ಬಿಡಿಭಾಗ) ಸಿಕ್ವು, ಎಲ್ಲಾದ್ರದ್ದೂ ಒಳಗಿನ ತೂತಿನ ಅಳತೆ ತಪ್ಪಿತ್ತು. ಬಚ್ಚಿಟ್ಟಿದ್ದು ನಮ್ಮಲ್ಲೇ ಚೆನ್ನಾಗಿ ಕೆಲಸ ಮಾಡ್ತಿದ್ದ ಹುಡುಗ. ಟೂಲ್ ಸವೆದಿದೆ ಅಂತ ಒಂದು ಮಾತು ಹೇಳೋಕೆ ಅವನಿಗೆ ಅಷ್ಟು ಭಯ ಇತ್ತು, ಆ ಭಯ ಹುಟ್ಟಿಸಿದ್ದು ನಾವು. ಈಗ್ಲೂ ನೆನಸ್ಕೊಂಡ್ರೆ ಸಂಕಟ ಆಗುತ್ತೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ ಜನರಲ್ ಮೋಟರ್ಸ್‌ನ ಕಾರ್ ಫ್ಯಾಕ್ಟರಿ ಇತ್ತು, ಗೈರುಹಾಜರಿಗೆ ಹೆಸರುವಾಸಿ, ಹೆಚ್ಚುಕಮ್ಮಿ ಶೇಕಡ 20, ಕೊನೆಗೆ 1982ರಲ್ಲಿ ಮುಚ್ಚಿದ್ರು. 1984ರಲ್ಲಿ ಟೊಯೊಟಾ ಜೊತೆ ಸೇರಿ ನುಮ್ಮಿ ಅನ್ನೋ ಹೆಸರಲ್ಲಿ ಮತ್ತೆ ಶುರು ಮಾಡಿದಾಗ ತಗೊಂಡಿದ್ದು ಬಹುತೇಕ ಅದೇ ಹಳೇ ಜನಾನೇ, ಯೂನಿಯನ್ನೂ ಅದೇ. ಬದಲಾಗಿದ್ದು ನಡೆಸೋ ರೀತಿ. ತೊಂದರೆ ಕಂಡ್ರೆ ಯಾವ ಕೆಲಸಗಾರ ಬೇಕಾದ್ರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದಿತ್ತು, ಎಳೆದೋರನ್ನ ಬೈಯೋದಿರಲಿ, ಟೀಮ್ ಲೀಡರ್ ಸಹಾಯಕ್ಕೆ ಓಡಿ ಬರ್ತಿದ್ರು. ಮಾರಾಟ ಬಿದ್ದಾಗ್ಲೂ ಜನರನ್ನ ಮನೆಗೆ ಕಳಿಸದೆ ಟ್ರೈನಿಂಗ್ ಕೊಟ್ರು. ಗೈರುಹಾಜರಿ ಶೇಕಡ 2ರ ಆಸುಪಾಸಿಗೆ ಇಳೀತು. ಜನ ಸರಿ ಇಲ್ಲ ಅಂತ ಯಾರಾದ್ರೂ ಅಂದಾಗೆಲ್ಲ ನನಗೆ ಇದೇ ನೆನಪಾಗೋದು.

ಹಾಗಂತ ಥಿಯರಿ ವೈ ಅಂದ್ರೆ ಸಡಿಲ ಬಿಡೋದಲ್ಲ. ನೀವು ಇಲ್ಲೀವರೆಗೆ ಒಂದ್ಸಲ ಬಿಗಿ, ಒಂದ್ಸಲ ಸಡಿಲ ಮಾಡ್ತಾ ಬಂದಿದೀರಿ, ಎರಡರಲ್ಲೂ ಕೆಲಸದ ಬಗ್ಗೆ ಅವರ ಮಾತಿಗೆ ಜಾಗ ಇಲ್ಲ. ಅಳತೆಯ ಮೈಕ್ರಾನ್ ಲೆಕ್ಕ, ಡೆಲಿವರಿ ತಾರೀಕು ಬಿಗಿಯಾಗೇ ಇರಲಿ, ಅದನ್ನ ಮುಟ್ಟೋದು ಹೇಗೆ ಅನ್ನೋದನ್ನ ಅವರನ್ನೇ ಕೇಳಿ. ಓಟಿ ದುಡ್ಡು ಬಾಕಿ ಇದ್ರೆ ಮೊದಲು ಮೇಲಿನೋರ ಹತ್ರ ಜಗಳ ಆಡಿಯಾದ್ರೂ ಕೊಡಿಸಿ, ಅದಾಗದೆ ನೀವು ಏನ್ ಹೇಳಿದ್ರೂ ಯಾರೂ ನಂಬಲ್ಲ.

ಮೊಬೈಲ್ ವಿಷಯ ಸದ್ಯಕ್ಕೆ ಬಿಡಿ. ಸೋಮವಾರದಿಂದ ಎರಡೇ ಎರಡು ಮಷೀನಿನ ರಿಜೆಕ್ಷನ್ ಪುಸ್ತಕಾನ ಆಪರೇಟರ್ ಕೈಗೇ ಕೊಡಿ, ಯಾಕೆ ಹಾಳಾಯ್ತು ಅಂತ ಅವರೇ ಬರೀಲಿ, ಹೆಸರು ಬೇಡ. ಮೊದಲ ವಾರ ಲೆಕ್ಕ ಜಾಸ್ತಿ ತೋರಿಸುತ್ತೆ, ಇಷ್ಟು ದಿನ ಮುಚ್ಚಿಟ್ಟಿದ್ದೆಲ್ಲ ಹೊರಗೆ ಬರ್ತಿರುತ್ತೆ ಅಷ್ಟೇ, ಆಗ ಮಾತ್ರ ದಯವಿಟ್ಟು ರೇಗ್ಬೇಡಿ, ಅವರು ಇನ್ಸರ್ಟ್ (ಟೂಲಿನ ಕತ್ತರಿಸೋ ತುದಿ) ಬದಲಾಯಿಸ್ಬೇಕು ಅಂತ ಬರೆದಿದ್ರೆ ಅವತ್ತೇ ಸ್ಟೋರ್ಸಿಂದ ತರಿಸಿ ಕೊಡಿ.